ರ‍್ಯಾಮ್ ಕೊಳ್ಳುವ ಮುಂಚೆ ಒಂದು ಭಾಗಾಕಾರ

"ಅಣ್ಣಾ, 3200 ತಗೊಳ್ಳಲಾ, 3600 ತಗೊಳ್ಳಲಾ? ಅಂಗಡಿಯವರು 3600 ತಗೊಳ್ಳಿ ಅಂತಿದಾರೆ. ನಾಳೆ ಬೆಳಿಗ್ಗೆ ಅಪ್ಪ ದುಡ್ಡು ಹಾಕ್ತಾರೆ. ಬೇಗ ಹೇಳಿ."

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಮೂರನೇ ಸೆಮಿಸ್ಟರಿನ ಹುಡುಗನೊಬ್ಬ ಹಾಕಿದ ಪ್ರಶ್ನೆ ಇದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಉತ್ತರಗಳ ಮಳೆ. ಹೆಚ್ಚಿನವರು "3600, ಕಣ್ಮುಚ್ಚಿ ತಗೋ" ಅಂದರು. ಒಬ್ಬರು "ಆರ್‌ಜಿಬಿ ಲೈಟ್ ಇರೋದು ತಗೋ, ಸ್ಪೀಡ್ ತಾನಾಗೇ ಬರತ್ತೆ" ಅಂತ ತಮಾಷೆ ಮಾಡಿದರು. ಅವನ ಪ್ರೊಸೆಸರ್ ಯಾವುದು ಅಂತ ಯಾರೂ ಕೇಳಲಿಲ್ಲ. ಒಂದು ಸ್ಟಿಕ್ಕೋ ಎರಡೋ ಅಂತ ಕೇಳಲಿಲ್ಲ. ಡಬ್ಬಿಯ ಮೇಲೆ 3600ರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಂಖ್ಯೆ ಇರುತ್ತದಲ್ಲ, ಅದು ಎಷ್ಟು ಅಂತಲೂ ಕೇಳಲಿಲ್ಲ. ಕೇಳದವರ ಪೈಕಿ ನಾವೂ ಇದ್ದೆವು ಅನ್ನೋದೇ ನಾಚಿಕೆ, ಯಾಕಂದ್ರೆ ಎರಡು ವರ್ಷದ ಹಿಂದೆ ಇದೇ ವಿಷಯದಲ್ಲಿ ನಾವು ಕೈ ಸುಟ್ಟುಕೊಂಡಿದ್ದೆವು.

ಆ ಕಥೆ ಮೊದಲು ಹೇಳಿಬಿಡುತ್ತೇವೆ. ರಾಜ್ಯೋತ್ಸವದ ವಿಡಿಯೋಗಳನ್ನು ಎಡಿಟ್ ಮಾಡಲು ಸಂಘಕ್ಕೊಂದು ಕಂಪ್ಯೂಟರ್ ಬೇಕಿತ್ತು. ಸದಸ್ಯರಿಂದ ಚಂದಾ ಎತ್ತಿ, ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತಂದು, ನಾವೇ ಜೋಡಿಸಿದೆವು. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲಲಿಲ್ಲ, ಹಾಗಾಗಿ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್. ರ‍್ಯಾಮ್ ಮಾತ್ರ ಜೋರಾಗಿರಲಿ ಅಂತ 3200ರದ್ದು ಬಿಟ್ಟು, ಹೆಚ್ಚು ಕೊಟ್ಟು 3600ರ ಎರಡು 8 ಜಿಬಿ ಸ್ಟಿಕ್ ತಂದೆವು. ನಾಲ್ಕು ಸ್ಲಾಟ್ ಇದ್ದ ಬೋರ್ಡಿನಲ್ಲಿ ಅಕ್ಕಪಕ್ಕದ ಎರಡಕ್ಕೆ ಒತ್ತಿ ಕೂರಿಸಿದೆವು. ಯಂತ್ರ ಆನ್ ಆಯಿತು, ಚಪ್ಪಾಳೆ ಹೊಡೆದೆವು, ಸಮೋಸ ತಿಂದೆವು. ಹದಿಮೂರು ತಿಂಗಳಾದ ಮೇಲೆ ಜೂನಿಯರ್ ಒಬ್ಬಳು ಟಾಸ್ಕ್ ಮ್ಯಾನೇಜರ್ ತೆರೆದು, "ಅಕ್ಕಾ, ಇಲ್ಲಿ ಸ್ಪೀಡ್ 2400 ಅಂತಿದೆಯಲ್ಲ?" ಅಂತ ಕೇಳಿದಳು. ಆಮೇಲೆ ನೋಡಿದರೆ ಎರಡೂ ಸ್ಟಿಕ್ ಒಂದೇ ಚಾನೆಲ್ಲಿನಲ್ಲಿ ಕೂತಿದ್ದವು.

ಲೆಕ್ಕ ಹಾಕಿದೆವು. ಕೊಂಡದ್ದು ಸೆಕೆಂಡಿಗೆ 57.6 ಜಿಬಿ ಸಾಗಿಸಬಲ್ಲ ಮೆಮೊರಿ. ಹದಿಮೂರು ತಿಂಗಳು ಬಳಸಿದ್ದು 19.2 ಜಿಬಿ. ಸರಿಯಾಗಿ ಮೂರರಲ್ಲಿ ಒಂದು ಪಾಲು. ಆ ಸಂಖ್ಯೆಗಳು ಎಲ್ಲಿಂದ ಬಂದವು ಅನ್ನುವುದರಿಂದಲೇ ಪಾಠ ಶುರು ಮಾಡೋಣ.

ದೋಸೆ ಕಾವಲಿಯ ಲೆಕ್ಕ

ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ, ಅಂದರೆ 3200 ಅಥವಾ 3600, ಒಂದು ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಡೇಟಾ ದಾಟುತ್ತದೆ ಅನ್ನುವುದನ್ನು ಹೇಳುತ್ತದೆ. ಅಂಗಡಿಯಲ್ಲಿ ಎಲ್ಲರೂ ಮೆಗಾಹರ್ಟ್ಸ್ ಅನ್ನುತ್ತಾರೆ. ಸರಿಯಾದ ಹೆಸರು ಮೆಗಾಟ್ರಾನ್ಸ್‌ಫರ್. ಡಿಡಿಆರ್ ಅಂದರೆ ಡಬಲ್ ಡೇಟಾ ರೇಟ್. ಗಡಿಯಾರದ ಸಿಗ್ನಲ್ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹೀಗೆ ಒಂದು ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ. ಹಾಗಾಗಿ 3200ರ ರ‍್ಯಾಮ್‌ನ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಅಂತ ಕಂಡು ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋದವರು ನಮಗೆ ಗೊತ್ತು. ಹೋಗಬೇಡಿ, ಅದು ಸರಿಯಾಗಿಯೇ ಇದೆ.

ಪ್ರತಿ ಸಲ 64 ಬಿಟ್, ಅಂದರೆ 8 ಬೈಟ್ ದಾಟುತ್ತದೆ. 3200 × 8 = 25,600 ಎಂಬಿ, ಸೆಕೆಂಡಿಗೆ 25.6 ಜಿಬಿ. ಎರಡು ಚಾನೆಲ್ ಒಟ್ಟಿಗೆ ಕೆಲಸ ಮಾಡಿದರೆ 51.2. ಇದು ಬ್ಯಾಂಡ್‌ವಿಡ್ತ್. ನಮ್ಮ ಯಂತ್ರದ್ದು 3600 × 8 × 2 = 57.6 ಆಗಬೇಕಿತ್ತು, 2400 × 8 = 19.2 ಆಗಿತ್ತು.

ಸಣ್ಣ ಅಕ್ಷರದ ಸಂಖ್ಯೆ ಸಿಎಲ್, ಕ್ಯಾಸ್ ಲೇಟೆನ್ಸಿ. "ಈ ಡೇಟಾ ಕೊಡು" ಅಂದ ಮೇಲೆ ಮೊದಲ ತುಣುಕು ಹೊರಗೆ ಬರುವಷ್ಟರಲ್ಲಿ ಗಡಿಯಾರ ಎಷ್ಟು ಬಾರಿ ಬಡಿಯಬೇಕು ಅನ್ನುವುದು ಅದು.

ಕಾಲೇಜಿನ ಎದುರಿನ ದರ್ಶಿನಿಯನ್ನು ನೆನೆಸಿಕೊಳ್ಳಿ. ಹಿಟ್ಟು ಹೊಯ್ದ ಮೇಲೆ ದೋಸೆ ಬೇಯಲು ಎರಡು ನಿಮಿಷ ಬೇಕು ಅಂತಿಟ್ಟುಕೊಳ್ಳೋಣ. ಮಾಲೀಕರು ಆರು ದೋಸೆಯ ಕಾವಲಿ ತೆಗೆದು ಹನ್ನೆರಡು ದೋಸೆಯದ್ದು ಹಾಕಿಸಿದರು. ನೀವೊಬ್ಬರೇ ಹೋಗಿ ಒಂದು ಸೆಟ್ಟು ಹೇಳಿದರೆ ಕಾಯುವುದು ಅದೇ ಎರಡು ನಿಮಿಷ. ಇಡೀ ಕ್ಲಾಸು ಒಟ್ಟಿಗೆ ನುಗ್ಗಿದ ದಿನ ಮಾತ್ರ ದೊಡ್ಡ ಕಾವಲಿಯ ಬೆಲೆ ಗೊತ್ತಾಗತ್ತೆ. ಕಾವಲಿಯ ಅಗಲ ಬ್ಯಾಂಡ್‌ವಿಡ್ತ್, ಬೇಯುವ ಹೊತ್ತು ಲೇಟೆನ್ಸಿ.

ಈಗ ಭಾಗಾಕಾರ. ಸಿಎಲ್ ಅನ್ನುವುದು ಬಡಿತಗಳ ಎಣಿಕೆ, ಹೊತ್ತಲ್ಲ. 1600 ಮೆಗಾಹರ್ಟ್ಸ್ ಗಡಿಯಾರದ ಒಂದು ಬಡಿತಕ್ಕೆ 0.625 ನ್ಯಾನೋಸೆಕೆಂಡ್. ಸಿಎಲ್ 16 ಆದರೆ 16 × 0.625 = 10 ನ್ಯಾನೋಸೆಕೆಂಡ್. ಇದನ್ನೇ ಸುಲಭ ಮಾಡಿ ಹೀಗೆ ಬರೆದಿಟ್ಟುಕೊಳ್ಳಿ:

ಕಾಯುವ ಹೊತ್ತು = ಸಿಎಲ್ × 2000 ÷ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ

ಉತ್ತರ ನ್ಯಾನೋಸೆಕೆಂಡಿನಲ್ಲಿ ಬರುತ್ತದೆ. 3600, ಸಿಎಲ್ 18 ಹಾಕಿ ನೋಡಿ. 36,000 ÷ 3600, ಮತ್ತೆ 10. ಹುಡುಗ ಕೇಳಿದ ಎರಡು ರ‍್ಯಾಮ್‌ಗಳೂ ಈ ಲೆಕ್ಕದಲ್ಲಿ ಒಂದೇ! "18 ಅಂದ್ರೆ 16ಕ್ಕಿಂತ ನಿಧಾನ" ಅನ್ನುವ ಮಾತೂ ತಪ್ಪು, "3600 ಅಂದ್ರೆ ಬೇಗ ಉತ್ತರ ಕೊಡತ್ತೆ" ಅನ್ನುವುದೂ ತಪ್ಪು. ಬಡಿತ ಹೆಚ್ಚಿತು, ಬಡಿತದ ಉದ್ದ ಕಮ್ಮಿಯಾಯಿತು, ಹೊತ್ತು ಅಷ್ಟೇ ಉಳಿಯಿತು.

ಇಪ್ಪತ್ತು ವರ್ಷದಲ್ಲಿ ದೋಸೆ ಬೇಯುವ ಹೊತ್ತು

ಇದೇ ಭಾಗಾಕಾರವನ್ನು ಹಳೆಯ ರ‍್ಯಾಮ್‌ಗಳ ಮೇಲೂ ಮಾಡಿದಾಗ ನಮಗೆ ಸ್ವಲ್ಪ ಗಾಬರಿಯೇ ಆಯಿತು. ಡಿಡಿಆರ್ ಮಾನದಂಡ ಬಂದದ್ದು 2000ರಲ್ಲಿ. ಡಿಡಿಆರ್-400, ಸಿಎಲ್ 3: 15 ನ್ಯಾನೋಸೆಕೆಂಡ್. ಡಿಡಿಆರ್2-800, ಸಿಎಲ್ 5: 12.5. ಡಿಡಿಆರ್3-1600, ಸಿಎಲ್ 9: 11.25. ಡಿಡಿಆರ್4-3200, ಸಿಎಲ್ 16: 10. 2020ರಲ್ಲಿ ಮಾನದಂಡವಾದ ಡಿಡಿಆರ್5ರಲ್ಲಿ ಈಗ ಜನ ಮೆಚ್ಚುವ 6000, ಸಿಎಲ್ 30: ಅದೂ 10. ಬ್ಯಾಂಡ್‌ವಿಡ್ತ್ ನೋಡಿದರೆ ಒಂದು ಸ್ಟಿಕ್ಕಿಗೆ ಸೆಕೆಂಡಿಗೆ 3.2 ಜಿಬಿಯಿಂದ 48 ಜಿಬಿಗೆ, ಅಂದರೆ ಹದಿನೈದು ಪಟ್ಟು ಏರಿದೆ. ಕಾಯುವ ಹೊತ್ತು ಒಂದೂವರೆ ಪಟ್ಟು ಮಾತ್ರ ಸುಧಾರಿಸಿದೆ. ಇನ್ನೊಂದು ತಮಾಷೆ: ಡಿಡಿಆರ್5 ಬಂದ ಹೊಸತರ ಮಾಮೂಲಿ ಸ್ಟಿಕ್ 4800, ಸಿಎಲ್ 40. ಲೆಕ್ಕ ಹಾಕಿದರೆ 16.7 ನ್ಯಾನೋಸೆಕೆಂಡ್. ನಮ್ಮ ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದಿರುವ ಡಿಡಿಆರ್3ಗಿಂತ ನಿಧಾನ.

ಯಾಕೆ ಹೀಗೆ? ಡಿರ‍್ಯಾಮ್‌ನ ಒಂದು ಕೋಶ ಅಂದರೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಯೋಚಿಸಿ, 1968ರಲ್ಲಿ ಪೇಟೆಂಟ್ ಪಡೆದ ಆ ಸರಳ ರಚನೆಯೇ ಇವತ್ತಿಗೂ ನಡೆಯುತ್ತಿದೆ. ಕೆಪ್ಯಾಸಿಟರಿನಲ್ಲಿರುವ ಚಾರ್ಜ್ ಎಷ್ಟು ಕಮ್ಮಿ ಅಂದರೆ, ಅದನ್ನು ಉದ್ದನೆಯ ಬಿಟ್‌ಲೈನಿಗೆ ಹರಿಸಿ, ಸೆನ್ಸ್ ಆಂಪ್ಲಿಫೈಯರ್ ಅದು ಸೊನ್ನೆಯೋ ಒಂದೋ ಅಂತ ತೀರ್ಮಾನಿಸಿ, ಓದಿದ್ದರಿಂದ ಅಳಿಸಿಹೋದದ್ದನ್ನು ಮತ್ತೆ ಬರೆಯಬೇಕು. ಎನಲಾಗ್ ಸರ್ಕೀಟಿನ ಈ ಕೆಲಸಕ್ಕೆ ಅದರದ್ದೇ ಹೊತ್ತು ಬೇಕು, ಎಷ್ಟು ಬೈದರೂ ಬೇಗ ಮಾಡಲ್ಲ.

ಹಾಗಾದರೆ 400ರಿಂದ 800, 1600 ಆದದ್ದು ಹೇಗೆ? ಒಳಗಿನ ಕೋಶಗಳಿಂದ ಒಂದೇ ಸಲಕ್ಕೆ ಹೆಚ್ಚು ಬಿಟ್ ಎತ್ತಿಕೊಂಡು, ಹೊರಗೆ ಬೇಗ ಬೇಗ ಸಾಲಾಗಿ ಕಳಿಸುವುದರಿಂದ. ಇದಕ್ಕೆ ಪ್ರೀಫೆಚ್ ಅನ್ನುತ್ತಾರೆ. ಡಿಡಿಆರ್‌ನಲ್ಲಿ ಒಂದು ಸಲಕ್ಕೆ 2, ಡಿಡಿಆರ್2ರಲ್ಲಿ 4, ಡಿಡಿಆರ್3ರಲ್ಲಿ 8. ಈಗ ಭಾಗಿಸಿ: 400 ÷ 2, 800 ÷ 4, 1600 ÷ 8. ಮೂರಕ್ಕೂ ಉತ್ತರ 200. ಮೂರು ತಲೆಮಾರು ದಾಟಿದರೂ ಒಳಗಿನ ಕೋಶಗಳ ವೇಗ 200 ಮೆಗಾಹರ್ಟ್ಸಿನಲ್ಲೇ ನಿಂತಿತ್ತು! ಡಿಡಿಆರ್4, 5ರಲ್ಲಿ ಬ್ಯಾಂಕ್ ಗುಂಪುಗಳು ಅಂತ ಇನ್ನಷ್ಟು ಉಪಾಯ ಸೇರಿದವು, ಆದರೆ ದಾರಿ ಅದೇ. ಕಾವಲಿ ಅಗಲವಾಗುತ್ತಾ ಹೋಯಿತು.

ಬೀರುವಿನ ಬೀಗ

ಸಿಎಲ್ ಒಂದನ್ನೇ ನೋಡಿ ಮುಗಿಸುವ ಹಾಗಿಲ್ಲ. ಡಬ್ಬಿಯ ಮೇಲೆ ಸಾಮಾನ್ಯವಾಗಿ 16-18-18-38 ಅಂತ ನಾಲ್ಕು ಸಂಖ್ಯೆ ಇರುತ್ತವೆ.

ನಮ್ಮ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿ ಸಾಲಾಗಿ ಬೀರುಗಳಿವೆ. ಲೈಬ್ರರಿಯ ಮೇಡಂ ಒಂದು ಸಲಕ್ಕೆ ಒಂದೇ ಬೀರು ತೆರೆದಿಡುತ್ತಾರೆ. ನೀವು ಕೇಳಿದ ಪುಸ್ತಕ ತೆರೆದ ಬೀರುವಿನಲ್ಲೇ ಇದ್ದರೆ ತಕ್ಷಣ ತೆಗೆದುಕೊಡುತ್ತಾರೆ. ಆ ತಕ್ಷಣದ ಹೊತ್ತೇ ಸಿಎಲ್. ಯಾವ ಬೀರುವೂ ತೆರೆದಿಲ್ಲದಿದ್ದರೆ ಮೊದಲು ಬೀಗ ತೆಗೆಯಬೇಕು. ಅದು ಎರಡನೇ ಸಂಖ್ಯೆ, ಟಿಆರ್‌ಸಿಡಿ. ಬೇರೆ ಬೀರು ತೆರೆದಿದ್ದರೆ ಮೊದಲು ಅದನ್ನು ಮುಚ್ಚಬೇಕು. ಅದು ಮೂರನೆಯದು, ಟಿಆರ್‌ಪಿ. ಟಿವಿ ಚಾನೆಲ್ಲಿನವರು ಬಡಿದಾಡುವ ಟಿಆರ್‌ಪಿ ಅಲ್ಲ. ನಾಲ್ಕನೆಯದು ತೆರೆದ ಬೀರುವನ್ನು ಕನಿಷ್ಠ ಎಷ್ಟು ಹೊತ್ತು ತೆರೆದಿಡಬೇಕು ಅನ್ನುವುದು. ಮೆಮೊರಿಯಲ್ಲಿ ಬೀರು ಅಂದರೆ ರೋ, ಲೈಬ್ರರಿ ಅಂದರೆ ಬ್ಯಾಂಕ್. ಇಂಥ ಬ್ಯಾಂಕುಗಳು ಒಂದು ಚಿಪ್ಪಿನಲ್ಲಿ ಹಲವಾರು ಇರುತ್ತವೆ.

ಈಗ 3200ರ 16-18-18 ಮತ್ತು 3600ರ 18-22-22, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಈ ಎರಡನ್ನು ಪಕ್ಕಪಕ್ಕ ಇಡಿ. ಬೀರು ತೆರೆದಿದ್ದರೆ ಎರಡಕ್ಕೂ 10 ನ್ಯಾನೋಸೆಕೆಂಡ್. ಬೀಗ ತೆಗೆಯಬೇಕಾದರೆ 3200ಕ್ಕೆ 34 ಬಡಿತ, 21.25 ನ್ಯಾನೋಸೆಕೆಂಡ್, 3600ಕ್ಕೆ 40 ಬಡಿತ, 22.2. ಇನ್ನೊಂದನ್ನು ಮುಚ್ಚಿ ಇದನ್ನು ತೆರೆಯಬೇಕಾದರೆ 32.5 ಮತ್ತು 34.4. ಅಂದರೆ ನಾವು ಚಂದಾ ದುಡ್ಡು ಹೆಚ್ಚು ಕೊಟ್ಟು ತಂದ ಮೆಮೊರಿ, ಕಾಯಿಸುವ ವಿಷಯದಲ್ಲಿ, ಬಿಟ್ಟು ಬಂದ ಮೆಮೊರಿಗಿಂತ ಕೂದಲೆಳೆಯಷ್ಟು ನಿಧಾನವೇ ಇತ್ತು. ಅದರಲ್ಲಿ ಹೆಚ್ಚಿಗೆ ಸಿಗಬೇಕಾಗಿದ್ದದ್ದು ಎಂಟರಲ್ಲಿ ಒಂದು ಪಾಲು ಬ್ಯಾಂಡ್‌ವಿಡ್ತ್ ಅಷ್ಟೇ. ಅದನ್ನೂ ನಾವು ಬಳಸಲಿಲ್ಲ.

ಹಾಗಂತ ಈ ಎರಡು ನ್ಯಾನೋಸೆಕೆಂಡಿಗೆ ತಲೆ ಕೆಡಿಸಿಕೊಳ್ಳಲೂ ಬೇಡಿ. ಪ್ರೊಸೆಸರ್ ಮೆಮೊರಿಯನ್ನು ಕೇಳಿ ಉತ್ತರ ಕೈಗೆ ಬರಲು ಒಟ್ಟು ಹಿಡಿಯುವುದು ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ 60ರಿಂದ 90 ನ್ಯಾನೋಸೆಕೆಂಡ್. ಕ್ಯಾಶೆಗಳಲ್ಲಿ ಹುಡುಕಿ ಸಿಗದೆ, ಮೆಮೊರಿ ಕಂಟ್ರೋಲರ್ ತನಕ ಹೋಗಿ, ಸರದಿಯಲ್ಲಿ ನಿಂತು, ವಾಪಸ್ ಬರುವ ದಾರಿಯೇ ದೊಡ್ಡದು. ಸ್ಟಿಕ್ಕಿನೊಳಗಿನ ಹೊತ್ತು ಅದರ ಒಂದು ಭಾಗ ಮಾತ್ರ. ಸಿಎಲ್ 16 ಬಿಟ್ಟು ಸಿಎಲ್ 14ಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಸ್ಟೂಡೆಂಟ್ ಬಜೆಟ್ಟಿಗೆ ಒಗ್ಗುವ ಕೆಲಸವಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ನಿಮ್ಮ ಪ್ರೋಗ್ರಾಂ ಒಂಟಿಯಾಗಿ ಬರುತ್ತದೋ, ದಂಡಾಗಿ ಬರುತ್ತದೋ?

ಯಾವುದಕ್ಕೆ ದುಡ್ಡು ಕೊಡಬೇಕು ಅನ್ನುವುದು ಇಲ್ಲಿ ತೀರ್ಮಾನ ಆಗತ್ತೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಬೈಟ್ ತರಿಸುವುದಿಲ್ಲ. ಒಂದು ಸಲಕ್ಕೆ 64 ಬೈಟಿನ ಒಂದು ಕ್ಯಾಶೆ ಲೈನ್ ತರಿಸುತ್ತದೆ. ಡಿಡಿಆರ್4-3200, ಎರಡು ಚಾನೆಲ್, ಒಟ್ಟು ಕಾಯುವ ಹೊತ್ತು 80 ನ್ಯಾನೋಸೆಕೆಂಡ್ ಅಂತಿಟ್ಟುಕೊಳ್ಳೋಣ. ಲಿಂಕ್ಡ್ ಲಿಸ್ಟ್ ಒಂದರ ಗಂಟುಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಚೆದುರಿವೆ. ಮುಂದಿನ ಗಂಟಿನ ವಿಳಾಸ ಈ ಗಂಟಿನೊಳಗೇ ಇದೆ. ಇದು ಬರುವ ತನಕ ಅದನ್ನು ಕೇಳುವುದಕ್ಕೇ ಆಗುವುದಿಲ್ಲ. ಹಾಗಾಗಿ 80 ನ್ಯಾನೋಸೆಕೆಂಡಿಗೆ 64 ಬೈಟ್, ಅಂದರೆ ಸೆಕೆಂಡಿಗೆ 0.8 ಜಿಬಿ. ಯಂತ್ರದ ತಾಕತ್ತು 51.2 ಜಿಬಿ, ಬಳಕೆ 0.8. ಇಂಥ ಪ್ರೋಗ್ರಾಮಿಗೆ 3200 ತೆಗೆದು 3600 ಹಾಕಿದರೆ ಏನು ಬಂತು? ಒಬ್ಬನೇ ಗಿರಾಕಿಗೆ ಕಾವಲಿ ಅಗಲ ಮಾಡಿದ ಹಾಗೆ.

ತಿರುಗಿಸಿ ಕೇಳಿ. 51.2 ಜಿಬಿ ಪೂರ್ತಿ ಬಳಸಬೇಕಾದರೆ ಏನಾಗಬೇಕು? 51.2 ಜಿಬಿಯನ್ನು 80 ನ್ಯಾನೋಸೆಕೆಂಡಿನಿಂದ ಗುಣಿಸಿದರೆ 4096 ಬೈಟ್. ಅಂದರೆ 64 ಕ್ಯಾಶೆ ಲೈನುಗಳು ಯಾವಾಗಲೂ ದಾರಿಯಲ್ಲಿರಬೇಕು. ಉದ್ದನೆಯ ಅರೇಯನ್ನು ಮೊದಲಿಂದ ಕೊನೆವರೆಗೆ ಓದುವಾಗ ಪ್ರೊಸೆಸರಿನ ಪ್ರೀಫೆಚರ್ ಮುಂದಿನದನ್ನು ಊಹಿಸಿ ಮುಂಚೆಯೇ ಕೇಳಿಡುತ್ತದೆ, ಹಲವು ಕೋರ್‌ಗಳು ಒಟ್ಟಿಗೆ ಕೇಳುತ್ತವೆ, ಆಗ ಅಷ್ಟು ಲೈನುಗಳು ದಾರಿಯಲ್ಲಿರುತ್ತವೆ. ವಿಡಿಯೋ ಎಡಿಟಿಂಗ್, ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರ, ಸಿಮ್ಯುಲೇಶನ್ ಇಂಥವು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್. ಅದಕ್ಕೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಉಣ್ಣಬೇಕು, ಹೊಟ್ಟೆ ದೊಡ್ಡದು. ನಮ್ಮ ಸಂಘದ ಯಂತ್ರದಲ್ಲಿ ವಿಡಿಯೋ ತಡವರಿಸುತ್ತಿದ್ದದ್ದು ಯಾಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಸಿ ಭಾಷೆಯಲ್ಲಿ 4096 × 4096 ಪೂರ್ಣಾಂಕಗಳ ಒಂದು ಅರೇ ಮಾಡಿ. 64 ಎಂಬಿ ಆಗುತ್ತದೆ, ನಮ್ಮ ಸಾಮಾನ್ಯ ಪ್ರೊಸೆಸರುಗಳ ಕ್ಯಾಶೆಗೆ ಹಿಡಿಸುವುದಿಲ್ಲ. ಎಲ್ಲವನ್ನೂ ಕೂಡಿ. ಮೊದಲು ಅಡ್ಡಸಾಲಿನ ಗುಂಟ, ಆಮೇಲೆ ಒಳಗಿನ ಲೂಪು ಹೊರಗಿನ ಲೂಪು ಅದಲುಬದಲು ಮಾಡಿ ಕಂಬಸಾಲಿನ ಗುಂಟ. ಕೂಡಿ ಬಂದ ಮೊತ್ತವನ್ನು ಪ್ರಿಂಟ್ ಮಾಡುವುದು ಮರೆಯಬೇಡಿ, ಇಲ್ಲದಿದ್ದರೆ ಆಪ್ಟಿಮೈಸೇಶನ್ ಹಾಕಿದಾಗ ಕಂಪೈಲರ್ ಇಡೀ ಲೂಪನ್ನೇ ಎತ್ತಿ ಬಿಸಾಡುತ್ತದೆ. ಎರಡರಲ್ಲೂ ಕೂಡುವ ಲೆಕ್ಕ ಅಷ್ಟೇ, ಉತ್ತರವೂ ಅದೇ. ಆದರೆ ಕಂಬಸಾಲಿನಲ್ಲಿ ಪ್ರತಿ ಹೆಜ್ಜೆಗೂ 16 ಕೆಬಿ ಹಾರಬೇಕು, 64 ಬೈಟ್ ತರಿಸಿ 4 ಬೈಟ್ ಮುಟ್ಟಿ ಮುಂದೆ ಓಡಬೇಕು. ಹೊತ್ತು ಅಳೆದು ನೋಡಿ. ಒಂದು ಪೈಸೆ ಖರ್ಚಿಲ್ಲದೆ, ಲೂಪು ಸರಿಮಾಡಿದ್ದರಿಂದ ಸಿಗುವ ವೇಗ ಯಾವ ಅಂಗಡಿಯ ರ‍್ಯಾಮ್‌ನಿಂದಲೂ ಸಿಗುವುದಿಲ್ಲ. ಪ್ರೊಸೆಸರ್ ಓಡುವ ವೇಗಕ್ಕೂ ಮೆಮೊರಿ ಉತ್ತರ ಕೊಡುವ ವೇಗಕ್ಕೂ ನಡುವಿನ ಈ ಕಂದರಕ್ಕೆ ವುಲ್ಫ್ ಮತ್ತು ಮೆಕೀ ಎಂಬಿಬ್ಬರು 1995ರ ತಮ್ಮ ಲೇಖನದಲ್ಲಿ ಮೆಮೊರಿ ಗೋಡೆ ಅಂತ ಹೆಸರಿಟ್ಟರು. ಕಂಪ್ಯೂಟರ್ ಆರ್ಕಿಟೆಕ್ಚರ್ ಪೇಪರಿನಲ್ಲಿ ಕ್ಯಾಶೆಗೆ ಒಂದು ಇಡೀ ಮಾಡ್ಯೂಲ್ ಯಾಕಿದೆ ಅಂತ ಬೈದುಕೊಳ್ಳುವವರಿಗೆ ಕಾರಣ ಅದೇ ಗೋಡೆ.

ಇವೆರಡಕ್ಕಿಂತ ಮುಂಚೆ ನೋಡಬೇಕಾದದ್ದು ಎಷ್ಟು ಜಿಬಿ ಅನ್ನುವುದು. ರ‍್ಯಾಮ್ ತುಂಬಿ ಸಿಸ್ಟಮ್ ಎಸ್‌ಎಸ್‌ಡಿಗೆ ಸ್ವಾಪ್ ಮಾಡಲು ಶುರು ಮಾಡಿದರೆ, ಒಳ್ಳೆಯ ಎನ್‌ವಿಎಂಇ ಇದ್ದರೂ ಒಂದು ಓದಿಗೆ ಹತ್ತಾರು ಮೈಕ್ರೋಸೆಕೆಂಡ್. ರ‍್ಯಾಮ್‌ಗಿಂತ ನೂರಾರು ಪಟ್ಟು ನಿಧಾನ. ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ನಲವತ್ತು ಟ್ಯಾಬಿನ ಬ್ರೌಸರ್ ಒಟ್ಟಿಗೆ ಓಡಿಸುವವರು 8 ಜಿಬಿಯ ವೇಗದ ರ‍್ಯಾಮ್‌ಗಿಂತ 16 ಜಿಬಿಯ ಮಾಮೂಲಿ ರ‍್ಯಾಮ್‌ನಿಂದ ಸುಖವಾಗಿರುತ್ತಾರೆ.

ಡಿಡಿಆರ್5 ಕೊಳ್ಳುವವರಿಗೆ

ಹೊಸ ಪ್ರೊಸೆಸರುಗಳಿಗೆ ಡಿಡಿಆರ್5 ಬೇಕು. ಡಿಡಿಆರ್4 ಬೋರ್ಡಿಗೆ ಅದು ಕೂರುವುದೂ ಇಲ್ಲ. ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ಹೇಗೆ ಏರಿತು ಅಂತ ಅಂಗಡಿಗೆ ಹೋದವರಿಗೆಲ್ಲ ಗೊತ್ತು. ಅದಕ್ಕೇ ಇಲ್ಲಿ ತಪ್ಪು ಮಾಡಿದರೆ ಹೆಚ್ಚು ನೋಯುತ್ತದೆ.

ಒಂದೇ 6000 ಸಂಖ್ಯೆಯ ಕೆಳಗೆ ಸಿಎಲ್ 30, 36, 40 ಮೂರೂ ಸಿಗುತ್ತವೆ. ಹೊತ್ತಿನಲ್ಲಿ ಹೇಳಿದರೆ 10, 12, 13.3. ಬೆಲೆಯ ಅಂತರ ಸಣ್ಣದಿದ್ದರೆ 30 ತಗೊಳ್ಳಿ, ದೊಡ್ಡದಿದ್ದರೆ 36ಕ್ಕೆ ನಿಲ್ಲಿ. ಎಎಂಡಿ ರೈಜನ್ 7000 ಸರಣಿಗೆ 6000 ಹದವಾದ ವೇಗ ಅಂತ ಕಂಪನಿಯೇ ಹೇಳಿತ್ತು. ಅದಕ್ಕಿಂತ ಬಹಳ ಮೇಲೆ ಹೋದರೆ ಮೆಮೊರಿ ಕಂಟ್ರೋಲರ್ ಸಾಮಾನ್ಯವಾಗಿ ಅರ್ಧ ವೇಗಕ್ಕೆ ಇಳಿಯುತ್ತದೆ, ಕಾಯುವ ಹೊತ್ತು ಏರುತ್ತದೆ. ಹೆಚ್ಚು ಕೊಟ್ಟು ನಿಧಾನ ಕೊಂಡ ಹಾಗೆ.

"ಡಿಡಿಆರ್5ರಲ್ಲಿ ಒಂದೇ ಸ್ಟಿಕ್ ಸಾಕು ಸರ್, ಒಳಗೇ ಡ್ಯುಯಲ್ ಚಾನೆಲ್ ಇದೆ" ಅಂತ ಯಾರಾದರೂ ಹೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಿರಿ. ಒಂದು ಸ್ಟಿಕ್ಕಿನೊಳಗೆ ಎರಡು ಉಪಚಾನೆಲ್ ಇರುವುದು ನಿಜ. ಆದರೆ ಒಂದೊಂದು 32 ಬಿಟ್ಟಿನದು, ಎರಡೂ ಸೇರಿದರೆ ಹಳೆಯ 64 ಬಿಟ್ಟೇ. ಎರಡು ಸ್ಟಿಕ್ ಹಾಕಿದರೆ ಮಾತ್ರ 128.

ಲ್ಯಾಪ್‌ಟಾಪಿನವರಿಗೆ ಆಯ್ಕೆ ಕಮ್ಮಿ. ಹಲವದರಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬದಲಾಯಿಸಲು ಬರುವಂಥದ್ದಾದರೂ ಹೆಚ್ಚಿನವುಗಳ ಬಯಾಸ್‌ನಲ್ಲಿ ವೇಗ ಏರಿಸುವ ಅವಕಾಶ ಇರುವುದಿಲ್ಲ. ಖಾಲಿ ಸ್ಲಾಟ್ ಇದ್ದರೆ ಎರಡನೇ ಸ್ಟಿಕ್ ಹಾಕಿ, ಉಳಿದದ್ದು ಬಿಡಿ.

ಜೋಡಿಸಿದ ಮೇಲೆ

ಚಪ್ಪಾಳೆ ಹೊಡೆಯುವ ಮುಂಚೆ ಬಯಾಸ್‌ಗೆ ಹೋಗಿ. ಡಬ್ಬಿಯ ಮೇಲಿನ 3600 ಅಥವಾ 6000 ತಾನಾಗಿ ಬರುವುದಿಲ್ಲ. ಸ್ಟಿಕ್ಕಿನ ಮೇಲೊಂದು ಪುಟ್ಟ ಚಿಪ್ಪಿನಲ್ಲಿ ಜೆಡೆಕ್ ಮಾನದಂಡದ ಸುರಕ್ಷಿತ ವೇಗ, ತಯಾರಕರು ಪರೀಕ್ಷಿಸಿದ ಹೆಚ್ಚಿನ ವೇಗ ಎರಡನ್ನೂ ಬರೆದಿರುತ್ತಾರೆ. ಯಂತ್ರ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಡಿಡಿಆರ್4ನಲ್ಲಿ ಅದು ಸಾಮಾನ್ಯವಾಗಿ 2133, 2400 ಅಥವಾ 2666. ಎರಡನೆಯದು ಬೇಕಾದರೆ ನೀವೇ ಆನ್ ಮಾಡಬೇಕು. ಇಂಟೆಲ್ ಇಟ್ಟ ಹೆಸರು ಎಕ್ಸ್‌ಎಂಪಿ, ಡಿಡಿಆರ್5ಗೆ ಎಎಂಡಿ ಇಟ್ಟದ್ದು ಎಕ್ಸ್‌ಪೋ. ಎಎಂಡಿ ಬೋರ್ಡುಗಳಲ್ಲಿ ಡಿಒಸಿಪಿ ಅಂತಲೂ ಕಾಣಬಹುದು. ಬೋರ್ಡಿನ ಮಿತಿ ಎಷ್ಟು ಅಂತ ಕೊಳ್ಳುವ ಮುಂಚೆಯೇ ಅದರ ಮ್ಯಾನುಯಲ್ಲಿನಲ್ಲಿ ನೋಡಿರಬೇಕು. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಬಳಸಬೇಕು. ಅದೂ ಮ್ಯಾನುಯಲ್ಲಿನಲ್ಲಿದೆ, ನಾವು ಸಮೋಸ ಕಟ್ಟಿಸಿಕೊಂಡು ಬಂದಾಗ ಬಿಡಿಸಿ ನೋಡದ ಪುಟದಲ್ಲಿ.

ಡಿಡಿಆರ್5 ಯಂತ್ರ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗಿದ್ದರೆ ಹೆದರಿ ಪ್ಲಗ್ ಕಿತ್ತುಬಿಡಬೇಡಿ. ಮೆಮೊರಿ ಟ್ರೈನಿಂಗ್ ನಡೆಯುತ್ತಿರುತ್ತದೆ. ಎಕ್ಸ್‌ಎಂಪಿ ಹಾಕಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ ಮಲಗಿ. ಒಂದೇ ಒಂದು ತಪ್ಪು ತೋರಿಸಿದರೂ ವೇಗ ಒಂದು ಮೆಟ್ಟಿಲು ಇಳಿಸಿ, ಇಲ್ಲವೇ ಸ್ಟಿಕ್ ಬದಲಾಯಿಸಿ. ಕೆಟ್ಟ ಮೆಮೊರಿ ಯಾವಾಗಲೂ ಹೇಳಿ ಕೈಕೊಡುವುದಿಲ್ಲ, ಪ್ರಾಜೆಕ್ಟ್ ರಿಪೋರ್ಟಿನ ಫೈಲಿನೊಳಗೆ ಸುಮ್ಮನೆ ಒಂದು ಬಿಟ್ ತಿರುಗಿಸಿ ಇಟ್ಟಿರುತ್ತದೆ.

ಇನ್ನು ಆ ಹುಡುಗನ ವಿಷಯ. ರಾತ್ರಿ ಹನ್ನೆರಡಕ್ಕೆ ನಾಚಿಕೆ ಬಿಟ್ಟು ಫೋನ್ ಮಾಡಿ, ಗುಂಪಿನಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಕೇಳಿದೆವು. ಪ್ರೊಸೆಸರ್ ರೈಜನ್ 5 5600ಜಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಬೋರ್ಡಿನಲ್ಲಿ ಎರಡೇ ಸ್ಲಾಟ್. "3600 ಎಷ್ಟು ಸ್ಟಿಕ್ ಕೊಡ್ತಾರಂತೆ?" "ಒಂದೇ ಅಣ್ಣಾ, 16 ಜಿಬಿಯದ್ದು. 3200 ಆದ್ರೆ 8ರದ್ದು ಎರಡು ಕೊಡ್ತಾರಂತೆ, ಅದು ಹಳೇದು ಅಂದ್ರು." ಅಲ್ಲಿಗೆ ಲೆಕ್ಕ ಮುಗಿಯಿತು. ಒಂದು ಸ್ಟಿಕ್ 3600 ಅಂದರೆ 28.8 ಜಿಬಿ, ಎರಡು ಸ್ಟಿಕ್ 3200 ಅಂದರೆ 51.2. ಕಾಯುವ ಹೊತ್ತು ಎರಡಕ್ಕೂ 10. ಗುಂಪಿನವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. 3600ರಲ್ಲೇ ಎರಡು ಸ್ಟಿಕ್ ಅದೇ ಬೆಲೆಗೆ ಸಿಕ್ಕಿದ್ದರೆ, ಒಳಗಿನ ಗ್ರಾಫಿಕ್ಸಿಗೋಸ್ಕರ ನಾವೂ ಅದನ್ನೇ ಹೇಳುತ್ತಿದ್ದೆವು. ಸಿಗಲಿಲ್ಲ. "3200, ಸಿಎಲ್ 16, ಎರಡು ತಗೋ. ಸಿಎಲ್ 22 ಕೊಟ್ಟರೆ ಬೇಡ ಅನ್ನು, ಅದು 13.75 ಆಗತ್ತೆ" ಅಂದೆವು.

ಭಾನುವಾರ ಸಂಜೆ ಅವನಿಂದ ಒಂದು ಫೋಟೋ ಬಂತು. ಜೋಡಿಸಿದ ಯಂತ್ರ, ಪಕ್ಕದಲ್ಲಿ ನಗುತ್ತಿರುವ ಅವರಪ್ಪ, ಪರದೆಯ ಮೇಲೆ ಟಾಸ್ಕ್ ಮ್ಯಾನೇಜರ್. ದೊಡ್ಡದು ಮಾಡಿ ನೋಡಿದೆವು. ಸ್ಲಾಟ್ 2ರಲ್ಲಿ 2, ಸ್ಪೀಡ್ 2400.

"ಬಯಾಸ್‌ಗೆ ಹೋಗು ಮಾರಾಯ" ಅಂತ ಬರೆದೆವು. ಐದು ನಿಮಿಷದಲ್ಲಿ ಎರಡನೇ ಫೋಟೋ ಬಂತು. 3200.